ಎಕ್ಕ ಹುಟ್ಟಿದ ನೆಲ

ಸಂಕ್ರಾಂತಿ ಮುಗಿದ ಕೂಡಲೇ ಲಂಡನ್ನಿನ ಕನ್ನಡಿಗರ ನಡುವೆ ಪ್ರತಿ ವರ್ಷ ಒಂದು ಪ್ರಶ್ನೆ ಓಡಾಡೋದಕ್ಕೆ ಶುರುವಾಗುತ್ತೆ. "ಎಕ್ಕದ ಎಲೆ ಎಲ್ಲಿ ಸಿಗುತ್ರೀ?" ರಥಸಪ್ತಮಿ ಹತ್ತಿರ ಬಂತಲ್ಲ! ವೀಳ್ಯದೆಲೆ, ಬಾಳೆಲೆ, ಕೊನೆಗೆ ಮಾವಿನೆಲೆ ಕೂಡ ಸೌತಾಲ್, ಈಸ್ಟ್ ಹ್ಯಾಮ್, ಟೂಟಿಂಗ್ ಕಡೆ ಹುಡುಕಿದರೆ ಎಲ್ಲೋ ಒಂದು ಕಡೆ ಸಿಕ್ಕೀತು. ಎಕ್ಕ ಮಾತ್ರ ಇಲ್ಲ. ಕೆಲವರು ಊರಿಂದ ಒಣಗಿಸಿ ತಂದ ಎಲೆಯನ್ನೇ ವರ್ಷ ವರ್ಷ ತೆಗೆದಿಟ್ಟುಕೊಳ್ತಾರೆ. ಕೆಲವರು ಸೂಪರ್ ಮಾರ್ಕೆಟ್ಟಿನ ಪಲಾವ್ ಎಲೆಯಲ್ಲೇ ಕೆಲಸ ಮುಗಿಸ್ತಾರೆ. ಇನ್ನು ಕೆಲವರು "ಮನಸ್ಸಿನಲ್ಲೇ ಎಕ್ಕ ಅಂದ್ಕೊಂಡ್ರೆ ಆಯ್ತು" ಅಂತ ಬಿಸಿ ಶವರ್ ಕೆಳಗೆ ನಿಂತು ಸೂರ್ಯನಿಗೆ ಕೈ ಮುಗಿಯುತ್ತಾರೆ. ಫೆಬ್ರವರಿಯ ಲಂಡನ್ನಿನಲ್ಲಿ ಆ ಸೂರ್ಯನೂ ಮನಸ್ಸಿನಲ್ಲೇ ಇರ್ತಾನೆ, ಅದು ಬೇರೆ ಮಾತು!

ಹೋದ ವರ್ಷ ಪರಿಚಯದವರೊಬ್ಬರು ಕೇಳಿದರು, "ಬೀಜ ತರಿಸಿ ಕಿಟಕಿ ಹತ್ತಿರ ಕುಂಡದಲ್ಲಿ ಬೆಳೆಸಿದರೆ ಹೇಗೆ?" ಕೇಳಬೇಕಾದ ಪ್ರಶ್ನೆಯೇ. ಆದರೆ ಅದರ ಬಗ್ಗೆ ಯೋಚಿಸ್ತಾ ಹೋದಂತೆ ನನಗೆ ಅನ್ನಿಸಿದ್ದು ಬೇರೆ. ಏಳು ಎಲೆಗಾಗಿ ನಾವು ಇಷ್ಟು ತಲೆ ಕೆಡಿಸ್ಕೋತೀವಲ್ಲ, ಆ ಎಲೆ ಕೇಳದೇ ಬೆಳೆಯೋ ನೆಲದ ಬಗ್ಗೆ ಎಂದಾದರೂ ಯೋಚಿಸಿದ್ದೀವಾ? ಎಕ್ಕದ ಎಲೆ ನಮಗೆ ಬೇಕು. ಎಕ್ಕ ಹುಟ್ಟೋ ನೆಲಕ್ಕೆ ಮಾತ್ರ ನಾವು ಇಟ್ಟಿರೋ ಹೆಸರು "ಬಂಜರು", "ಪಾಳು", "ಖರಾಬು". ಈ ಎರಡೂ ಒಟ್ಟಿಗೆ ನಡೆಯೋಲ್ಲ ಅನ್ನೋದೇ ನನ್ನ ವಾದ.

ಮೊದಲು ಗಿಡದ ಪರಿಚಯ ಸ್ವಲ್ಪ ಮಾಡ್ಕೊಳ್ಳೋಣ. ನೋಡಿ ನೋಡಿ ನೋಡದೇ ಬಿಟ್ಟ ಗಿಡ ಅದು.

ಎಕ್ಕದಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ನಮ್ಮ ಕಡೆ ಎಲ್ಲೆಲ್ಲೂ ಕಾಣೋ ದೊಡ್ಡ ಎಕ್ಕ, ಕ್ಯಾಲೊಟ್ರೋಪಿಸ್ ಜೈಗ್ಯಾಂಟಿಯಾ. ತಿಳಿ ನೇರಳೆ ಹೂವು, ದಳ ಪೂರ್ತಿ ಬಿಚ್ಚಿಕೊಂಡಿರುತ್ತೆ. ಇದರಲ್ಲೇ ಬಿಳಿ ಹೂವು ಬಿಟ್ಟರೆ ಬಿಳಿ ಎಕ್ಕ, ಗಣಪತಿಗೆ ಪ್ರಿಯ ಅಂತ ಅದಕ್ಕೆ ಬೇಡಿಕೆ. ಇನ್ನೊಂದು ಕ್ಯಾಲೊಟ್ರೋಪಿಸ್ ಪ್ರೊಸೆರಾ. ಇದು ನಿಜವಾದ ಮರುಭೂಮಿ ಪೊದೆ. ದಳ ಬಟ್ಟಲಿನ ಹಾಗೆ ಮೇಲಕ್ಕೆ ಎದ್ದಿರುತ್ತೆ, ತುದಿಗೆ ಕಡು ನೇರಳೆ ಬಣ್ಣ ಅದ್ದಿದ ಹಾಗೆ. ಆಫ್ರಿಕಾದ ಸಹಾರಾ ಅಂಚಿನಿಂದ ಹಿಡಿದು ಅರೇಬಿಯಾ, ಇರಾನ್, ಸಿಂಧ್, ರಾಜಸ್ಥಾನದ ಥಾರ್ ತನಕ ಇದರ ತವರು. ನಮ್ಮ ರಾಜ್ಯದ ಒಣ ಜಿಲ್ಲೆಗಳಲ್ಲೂ ಅಲ್ಲಲ್ಲಿ ಉಂಟು.

ಎರಡರ ಬದುಕೋ ಉಪಾಯ ಒಂದೇ ಥರ. ದಪ್ಪನೆಯ ಎಲೆ, ಅದರ ಮೇಲೆ ಬೂದಿ ಬಳಿದ ಹಾಗೆ ಬಿಳಿ ಮೇಣದ ಪುಡಿ. ಬಿಸಿಲನ್ನ ಒಂದಿಷ್ಟು ಹಿಂದಕ್ಕೆ ಕಳಿಸೋದಕ್ಕೆ, ನೀರು ಆರದ ಹಾಗೆ ತಡೆಯೋದಕ್ಕೆ. ನೆಲದಾಳಕ್ಕೆ ಇಳಿಯೋ ತಾಯಿಬೇರು. ಎಲ್ಲಿ ಮುರಿದರೂ ಹಾಲು. ದನ ಬಾಯಿ ಹಾಕೋಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಸುತ್ತಲಿನ ಹುಲ್ಲೆಲ್ಲಾ ಬೆಂಕಿಕಡ್ಡಿ ತೋರಿಸಿದರೆ ಸಾಕು ಅನ್ನೋ ಹಾಗೆ ಒಣಗಿ ನಿಂತಾಗ, ಎಕ್ಕ ಹಸಿರಾಗಿ ನಿಂತು ಹೂ ಬಿಡ್ತಿರುತ್ತೆ. ಸಂಸ್ಕೃತದಲ್ಲಿ ಈ ಗಿಡಕ್ಕೂ ಸೂರ್ಯನಿಗೂ ಒಂದೇ ಹೆಸರು, ಅರ್ಕ. ಉರಿಬಿಸಿಲಲ್ಲಿ ಹೀಗೆ ನಿಂತಿದ್ದನ್ನ ಕಂಡವರಿಗೆ ಈ ಹೆಸರು ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಈ ಗಿಡಕ್ಕೂ ನಾವಿರೋ ಲಂಡನ್ನಿಗೂ ಹಳೇ ನಂಟಿದೆ. ಹದಿನೇಳನೇ ಶತಮಾನದಲ್ಲೇ ಕೇರಳದ ಗಿಡಮೂಲಿಕೆಗಳ ಬಗ್ಗೆ ಡಚ್ಚರು ಅಚ್ಚು ಹಾಕಿಸಿದ 'ಹಾರ್ಟಸ್ ಮಲಬಾರಿಕಸ್'ನಲ್ಲಿ ಎಕ್ಕ "ಎರಿಕು" ಅನ್ನೋ ಮಲಯಾಳಿ ಹೆಸರಿನಲ್ಲೇ ಇದೆ. 1753ರಲ್ಲಿ ಸ್ವೀಡನ್ನಿನ ಲಿನೇಯಸ್ ದೊಡ್ಡ ಎಕ್ಕವನ್ನ ತನ್ನ ಪಟ್ಟಿಗೆ ಸೇರಿಸಿದ. ಅವನು ತೀರಿಕೊಂಡ ಮೇಲೆ ಅವನ ಒಣಗಿಡಗಳ ಸಂಗ್ರಹವನ್ನ ಇಂಗ್ಲೆಂಡಿನ ಜೇಮ್ಸ್ ಎಡ್ವರ್ಡ್ ಸ್ಮಿತ್ 1784ರಲ್ಲಿ ಕೊಂಡ. ಅದು ಈಗ ಪಿಕಡಿಲಿಯ ಬರ್ಲಿಂಗ್ಟನ್ ಹೌಸಿನಲ್ಲಿರೋ ಲಿನಿಯನ್ ಸೊಸೈಟಿಯ ಹತ್ತಿರ ಇದೆ. ಮರುಭೂಮಿ ಎಕ್ಕಕ್ಕೆ "ಪ್ರೊಸೆರಾ" ಅಂತ ಹೆಸರಿಟ್ಟವನು ಕ್ಯೂ ತೋಟದ ಮುಖ್ಯಸ್ಥ ವಿಲಿಯಂ ಐಟನ್. 1789ರಲ್ಲಿ ಅವನು ಬರೆದ, ಕ್ಯೂನಲ್ಲಿ ಬೆಳೆಸ್ತಿದ್ದ ಗಿಡಗಳ ಪಟ್ಟಿ 'ಹಾರ್ಟಸ್ ಕ್ಯೂಎನ್ಸಿಸ್'ನಲ್ಲಿ ಆ ಹೆಸರು ಬಂತು. ಅದೇ ಪುಸ್ತಕದ ಎರಡನೇ ಮುದ್ರಣದಲ್ಲಿ, 1811ರಲ್ಲಿ, ಅವನ ಮಗ ಎರಡೂ ಎಕ್ಕಗಳನ್ನ "ಕ್ಯಾಲೊಟ್ರೋಪಿಸ್" ಅನ್ನೋ ಮನೆತನಕ್ಕೆ ಸೇರಿಸಿದ. ಇವತ್ತಿಗೂ ಎಷ್ಟೋ ಸಸ್ಯಶಾಸ್ತ್ರದ ಪುಸ್ತಕಗಳಲ್ಲಿ ಎಕ್ಕದ ಹೆಸರಿನ ಮುಂದೆ ಐಟನ್ ಅಂತ ಇರುತ್ತೆ. ಅಂದ್ರೆ ಡಿಸ್ಟ್ರಿಕ್ಟ್ ಲೈನ್ ಟ್ಯೂಬ್ ಹತ್ತಿ ನಾವು ಮಕ್ಕಳನ್ನ ಕರ್ಕೊಂಡು ಹೋಗ್ತೀವಲ್ಲ, ಅದೇ ತೋಟದಲ್ಲಿ ಎಕ್ಕದ ನಾಮಕರಣ!

ಹೆಸರಿಟ್ಟರು ಸರಿ, ಇಲ್ಲಿನ ಬಯಲಲ್ಲಿ ಎಕ್ಕ ಬದುಕುತ್ತಾ? ಇಲ್ಲ. ಯಾಕೆ ಅಂತ ಕೇಳಿದರೆ ಹೆಚ್ಚಿನವರು "ಇಲ್ಲಿ ಮಳೆ ಜಾಸ್ತಿ" ಅಂತಾರೆ. ತಪ್ಪು. ಲಂಡನ್ನಿನಲ್ಲಿ ವರ್ಷಕ್ಕೆ ಬೀಳೋ ಮಳೆ ಸುಮಾರು 600 ಮಿಲಿಮೀಟರ್. ಬೆಂಗಳೂರಿನಲ್ಲಿ 900ಕ್ಕೂ ಮೇಲೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ 500ರ ಆಸುಪಾಸು. ಲೆಕ್ಕದ ಪ್ರಕಾರ ಲಂಡನ್ ಬೆಂಗಳೂರಿಗಿಂತ ಚಳ್ಳಕೆರೆಗೇ ಹತ್ತಿರ! ಆದರೆ ಇಲ್ಲಿ ಮಳೆ ವರ್ಷವಿಡೀ ಜಿಟಿ ಜಿಟಿ ಅಂತ ಸುರಿಯುತ್ತೆ, ಆರೋದೇ ಇಲ್ಲ. ಚಳ್ಳಕೆರೆಯಲ್ಲಿ ಎರಡು-ಮೂರು ತಿಂಗಳಲ್ಲಿ ಸುರಿದು ಮುಗಿದು, ಉಳಿದಷ್ಟು ದಿನ ಬಿಸಿಲು ಮತ್ತು ಗಾಳಿ ನೆಲದ ತೇವವನ್ನ ಹೀರಿಕೊಂಡು ಹೋಗ್ತವೆ. ಎಕ್ಕಕ್ಕೆ ಬೇಕಾಗಿರೋದು ಆ ಬಿಸಿಲು, ನೀರು ನಿಲ್ಲದ ಆ ಮಣ್ಣು, ನಡುವಿನ ಆ ಉದ್ದದ ಒಣಗಾಲ. ಬೇರು ತಣ್ಣಗೆ ನೆನೆದರೆ ಕೊಳೆಯುತ್ತೆ, ಹಿಮ ಬಿದ್ದರೆ ಸುಟ್ಟುಹೋಗುತ್ತೆ.

ಅದಕ್ಕೇ ಲಂಡನ್ನಿನಲ್ಲಿ ಮರುಭೂಮಿ ಗಿಡ ಬೆಳೆಸಬೇಕು ಅಂದ್ರೆ ಗಾಜಿನ ಮನೆ ಕಟ್ಟಬೇಕು. ಕ್ಯೂನಲ್ಲಿ 1987ರಲ್ಲಿ ತೆರೆದ ಪ್ರಿನ್ಸೆಸ್ ಆಫ್ ವೇಲ್ಸ್ ಕನ್ಸರ್ವೇಟರಿ ನೋಡಿದ್ದೀರಾ? ಒಂದೇ ಸೂರಿನಡಿ ಹತ್ತು ಹವಾಮಾನ. ಒಂದು ಬಾಗಿಲು ದಾಟಿದರೆ ಮಳೆಕಾಡು, ಇನ್ನೊಂದು ದಾಟಿದರೆ ಮರಳುಗಾಡು. ಶಾಖ, ತೇವ, ಗಾಳಿ ಎಲ್ಲಾ ಕಂಪ್ಯೂಟರ್ ಲೆಕ್ಕದಲ್ಲಿ. ಅಲ್ಲಿನ ಒಣ ನೆಲದ ಭಾಗದಲ್ಲಿ ಕೋಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಜನ ಒಂದೊಂದು ಕಳ್ಳಿಯ ಮುಂದೆಯೂ ನಿಂತು ಫೋಟೋ ತೆಗೆದುಕೊಳ್ತಾರೆ. ಎಷ್ಟು ಜೋಪಾನ! ನಮ್ಮ ಬಯಲುಸೀಮೆಯಲ್ಲಿ ಬಿಸಿಲು ಬಿಟ್ಟಿ, ಮಣ್ಣು ಬಿಟ್ಟಿ, ಗಿಡ ಬಿಟ್ಟಿ. ಬಿಟ್ಟಿ ಸಿಕ್ಕಿದ್ದಕ್ಕೆ ನಾವು ಕೊಟ್ಟ ಬೆಲೆಯೂ ಅಷ್ಟೇ.

ಎಕ್ಕವನ್ನ ನಮ್ಮ ಭಾಷೆ ಹೇಗೆ ನಡೆಸಿಕೊಂಡಿದೆ ನೋಡಿ. ಹಳೇ ಮೈಸೂರು ಕಡೆ ಬೈಗುಳ ಕೇಳಿರ್ತೀರಿ, "ಎಕ್ಕುಟ್ಟೋಗ!" ಅದನ್ನ "ಎಕ್ಕ ಹುಟ್ಟಿ ಹೋಗ" ಅಂತಲೇ ಹಿರಿಯರು ಬಿಡಿಸಿ ಹೇಳೋದು. ನಿನ್ನ ಮನೆ ಹಾಳಾಗಿ ಅಂಗಳದಲ್ಲಿ ಎಕ್ಕದ ಗಿಡ ಹುಟ್ಟಲಿ ಅಂತ ಶಾಪ. ಎರಡು ಹೆಂಡಿರನ್ನ ಕಳಕೊಂಡವನು ಮೂರನೇ ಮದುವೆಗೆ ಮುಂಚೆ ಎಕ್ಕದ ಗಿಡಕ್ಕೆ ತಾಳಿ ಕಟ್ಟೋ ಪದ್ಧತಿ ಇತ್ತು. ಬರೋ ಕೇಡೆಲ್ಲಾ ಆ ಗಿಡಕ್ಕೇ ತಗುಲಲಿ ಅಂತ. ಪಾಪ ಎಕ್ಕ!

ಇದು ನಮ್ಮವರದ್ದೇ ಕಿತಾಪತಿ ಅಂದ್ಕೋಬೇಡಿ. ಇಂಗ್ಲಿಷಿನಲ್ಲಿ ಮರುಭೂಮಿ ಎಕ್ಕದ ಕಾಯಿಗೆ "ಸೊಡೊಮ್ ಸೇಬು" ಅಂತ ಹೆಸರು. ದೇವರ ಸಿಟ್ಟಿಗೆ ಸುಟ್ಟುಹೋದ ಸೊಡೊಮ್ ಅನ್ನೋ ಊರಿನ ನೆಲದಲ್ಲಿ ಬೆಳೆಯೋ ಹಣ್ಣು, ನೋಡೋದಕ್ಕೆ ಚೆಂದ, ಒಡೆದರೆ ಬೂದಿ ಅನ್ನೋ ಹಳೇ ಕತೆ. ಲಂಡನ್ನಿನಲ್ಲೇ ಹುಟ್ಟಿ ಲಂಡನ್ನಿನಲ್ಲೇ ತೀರಿಕೊಂಡ ಕವಿ ಮಿಲ್ಟನ್ 1667ರಲ್ಲಿ ಬಂದ ತನ್ನ 'ಪ್ಯಾರಡೈಸ್ ಲಾಸ್ಟ್'ನಲ್ಲಿ ಈ ಹಣ್ಣನ್ನ ನೆನೆಸಿಕೊಳ್ತಾನೆ. ಎಕ್ಕದ ಕಾಯಿ ಒಡೆದವರಿಗೆ ಗೊತ್ತು, ಒಳಗೆ ಬೂದಿ ಇಲ್ಲ, ರೇಷ್ಮೆ ಇದೆ. ಚಪ್ಪಟೆ ಬೀಜ, ಒಂದೊಂದಕ್ಕೂ ಬಿಳಿ ಎಳೆಗಳ ಕುಚ್ಚು. ಗಾಳಿ ಬಂದರೆ ಮೈಲಿಗಟ್ಟಲೆ ಹಾರಿಹೋಗುತ್ತೆ. "ಅಜ್ಜನ ಗಡ್ಡ" ಅಂತ ಅದರ ಹಿಂದೆ ಓಡದ ಮಕ್ಕಳು ನಮ್ಮ ಕಡೆ ಉಂಟೇ? ನಾವು ಊರಲ್ಲಿ ಮೊಗ್ಗನ್ನ ಒತ್ತಿ ಟಪ್ ಅನ್ನಿಸ್ತಿದ್ದದ್ದೂ ಅದೇ ಗಿಡದ್ದು. ಹಾಗೆ ಮಾಡೋವಾಗ ಬೈಸಿಕೊಳ್ತಿದ್ದದ್ದೂ ನೆನಪಿದೆ, "ಹಾಲು ಕಣ್ಣಿಗೆ ಬಿದ್ದೀತು!"

ಆ ಭಯ ಮಾತ್ರ ಸುಳ್ಳಲ್ಲ. ಮಹಾಭಾರತದ ಆದಿಪರ್ವದಲ್ಲಿ ಉಪಮನ್ಯು ಅನ್ನೋ ಶಿಷ್ಯನ ಕತೆ ಇದೆ. ಗುರು ಒಂದೊಂದೇ ಆಹಾರ ಬೇಡ ಅಂತ ತಡೀತಾ ಹೋದಾಗ, ಹಸಿವು ತಾಳಲಾರದೆ ಎಕ್ಕದ ಎಲೆ ತಿಂದು ಕಣ್ಣು ಕಳಕೊಂಡು ಬಾವಿಗೆ ಬೀಳ್ತಾನೆ. ಅಶ್ವಿನೀ ದೇವತೆಗಳು ಮತ್ತೆ ಕಣ್ಣು ಕೊಡ್ತಾರೆ. ಎಕ್ಕದ ಹಾಲು ಸಿಡಿದು ಕಣ್ಣು ಮಂಜಾದವರ ವಿವರಗಳನ್ನ ಇವತ್ತಿನ ಭಾರತದ ಕಣ್ಣಿನ ವೈದ್ಯರೂ ದಾಖಲಿಸಿದ್ದಾರೆ. ವಿಚಿತ್ರ ಅಂದ್ರೆ ಎಷ್ಟೋ ಸಲ ನೋವೇ ಇರೋಲ್ಲ, ಸುಮ್ಮನೆ ದೃಷ್ಟಿ ಮಂಕಾಗುತ್ತೆ. (ಹಾಗಾದರೆ ಕೂಡಲೇ ನೀರಲ್ಲಿ ಚೆನ್ನಾಗಿ ತೊಳೆದು ಆಸ್ಪತ್ರೆಗೆ ಓಡಿ. ಮನೆಮದ್ದು ಬೇಡ.) ಹಾಲಿನಲ್ಲಿ ಹೃದಯದ ಬಡಿತವನ್ನೇ ಏರುಪೇರು ಮಾಡೋ ವಿಷವೂ ಇದೆ.

ಆದರೆ ಅದೇ ವಿಷ ಒಬ್ಬರಿಗೆ ಅನ್ನ. ಪ್ಲೇನ್ ಟೈಗರ್ ಅನ್ನೋ ಕೇಸರಿ ಬಣ್ಣದ ಚಿಟ್ಟೆ ಎಕ್ಕದ ಎಲೆ ಮೇಲೆ ಮೊಟ್ಟೆ ಇಡುತ್ತೆ. ಅದರ ಹುಳು ಎಲೆಯ ಜೊತೆ ವಿಷವನ್ನೂ ತಿಂದು ಮೈಯಲ್ಲಿ ಇಟ್ಟುಕೊಳ್ಳುತ್ತೆ. ಒಮ್ಮೆ ರುಚಿ ನೋಡಿದ ಹಕ್ಕಿ ಮತ್ತೆ ಆ ಬಣ್ಣದ ತಂಟೆಗೇ ಹೋಗೋಲ್ಲ. ವಿಷ ಇಲ್ಲದ ಇನ್ನೊಂದು ಜಾತಿಯ ಹೆಣ್ಣು ಚಿಟ್ಟೆ ಇದೇ ವೇಷ ಹಾಕಿಕೊಂಡು ಬಚಾವಾಗುತ್ತೆ! ಹಳದಿ-ನೀಲಿ ಪಟ್ಟೆಯ ಒಂದು ಮಿಡತೆ ಎಕ್ಕದ ಮೇಲೇ ಸಂಸಾರ ಹೂಡುತ್ತೆ. ಮರ ಕೊರೆಯೋ ದಪ್ಪ ಕಪ್ಪು ದುಂಬಿ ಬೇಸಿಗೆಯಲ್ಲಿ ಜೇನಿಗೆ ಬಂದು ಹೂವಿಂದ ಹೂವಿಗೆ ಪರಾಗದ ಗಂಟುಗಳನ್ನ ಕಾಲಿಗೆ ಸಿಕ್ಕಿಸಿಕೊಂಡು ಹೋಗುತ್ತೆ. ರೈತರು ಎಕ್ಕದ ಸೊಪ್ಪನ್ನ ಗದ್ದೆಗೆ ತುಳಿದು ಗೊಬ್ಬರ ಮಾಡ್ತಿದ್ದರು. ಅಜ್ಜಿಯರು ಎಲೆಗೆ ಹರಳೆಣ್ಣೆ ಸವರಿ ಬಿಸಿ ಮಾಡಿ ಊದಿದ ಮಂಡಿಗೆ ಕಟ್ತಿದ್ದರು. ಕಾಂಡದ ನಾರಿನಿಂದ ಗಟ್ಟಿ ಹಗ್ಗ ಆಗ್ತಿತ್ತು. ಆಂಜನೇಯನಿಗೆ ಹೂವಿನ ಹಾರ. ಏನೂ ಇಲ್ಲದ ಜಾಗದಲ್ಲಿ ಇಷ್ಟೆಲ್ಲಾ ನಡೀತಿರುತ್ತೆ!

ಏನೂ ಇಲ್ಲದ ಜಾಗ... ಸಮಸ್ಯೆ ಇರೋದು ಈ ಮಾತಿನಲ್ಲೇ.

ನಮ್ಮ ಪಹಣಿಗಳಲ್ಲಿ "ಖರಾಬು" ಅಂತ ಒಂದು ಕಲಂ ಇರುತ್ತೆ, ಜಮೀನಿನ ವ್ಯವಹಾರ ಮಾಡಿದವರಿಗೆಲ್ಲಾ ಗೊತ್ತು. ಸಾಗುವಳಿಗೆ ಬಾರದ, ಕಂದಾಯ ಕಟ್ಟದ ನೆಲ ಖರಾಬು. ಖರಾಬು ಅಂದ್ರೆ ಕೆಟ್ಟದ್ದು. ಸರ್ಕಾರಕ್ಕೆ ದುಡ್ಡು ಬರಲಿಲ್ಲ ಅಂದ್ರೆ ನೆಲವೇ ಕೆಟ್ಟದ್ದು! ಇಂಗ್ಲಿಷರು ತಂದ "ವೇಸ್ಟ್ ಲ್ಯಾಂಡ್" ಅನ್ನೋ ಮಾತೂ ಇದರ ಜೊತೆ ಸೇರಿಕೊಂಡು ಸ್ವಾತಂತ್ರ್ಯ ಬಂದ ಮೇಲೂ ಕಡತಗಳಲ್ಲಿ ಹಾಗೇ ಉಳೀತು. ಕುರಿ ಮೇಯಿಸೋನಿಗೆ, ಚಿಟ್ಟೆಗೆ, ಕೃಷ್ಣಮೃಗಕ್ಕೆ ಆ ನೆಲ ಏನು ಅಂತ ಹೇಳೋದಕ್ಕೆ ಅಲ್ಲಿ ಕಲಂ ಇಲ್ಲ.

ಉದಾಹರಣೆಗೆ ಚಳ್ಳಕೆರೆ ತಾಲೂಕಿನ ಅಮೃತ ಮಹಲ್ ಕಾವಲುಗಳು. ಮೈಸೂರು ಅರಸರ ಕಾಲದಿಂದ ಫಿರಂಗಿ ಎಳೆಯೋ ದನಗಳಿಗೆ ಮೀಸಲಾಗಿದ್ದ ಹುಲ್ಲುಗಾವಲು. ಹುಲ್ಲು, ಕುರುಚಲು, ಎಕ್ಕ, ಬೋರೆ. ಅದರ ಸುತ್ತ ಕುರಿ, ಕುರಿಯ ಸುತ್ತ ಚಳ್ಳಕೆರೆಯ ಹೆಸರುವಾಸಿ ಕಂಬಳಿ. 2007ರಿಂದ 2010ರ ನಡುವೆ ಇದರಲ್ಲಿ ಸುಮಾರು 10,000 ಎಕರೆಯನ್ನ ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ ಸಂಸ್ಥೆಗಳಿಗೆ, ಭಾರತೀಯ ವಿಜ್ಞಾನ ಸಂಸ್ಥೆಗೆ ಹಂಚಿದರು. ಬೇಲಿ, ಗೋಡೆ ಎದ್ದ ಮೇಲೆ "ನಮ್ಮ ಕುರಿ ಎಲ್ಲಿ ಹೋಗಬೇಕು?" ಅಂತ ಹಳ್ಳಿಯವರು ಬೀದಿಗೆ ಬಂದರು, ವಿಷಯ ಹಸಿರು ನ್ಯಾಯಮಂಡಳಿ ತನಕ ಹೋಯಿತು. ಸಂಶೋಧನೆ ಬೇಡ ಅಂತ ನಾನು ಹೇಳೋಲ್ಲ. ಆದರೆ ಅದೇ ಹತ್ತು ಸಾವಿರ ಎಕರೆ ಶೋಲಾ ಕಾಡಾಗಿದ್ದರೆ ಇಷ್ಟು ಸಲೀಸಾಗಿ ಹಂಚ್ತಿದ್ದರಾ? ಕಾಡು ಕಡಿದರೆ ಕೂಗೋ ಬೆಂಗಳೂರು, ಹುಲ್ಲುಗಾವಲು ಹೋದಾಗ ಹೆಚ್ಚು ಕೂಗಲಿಲ್ಲ. ಅದು ಬರೀ ಬಯಲಲ್ವಾ!

ಪಾವಗಡದ ಸೋಲಾರ್ ಪಾರ್ಕ್ ಇನ್ನೊಂದು ಥರ. ಸುಮಾರು 13,000 ಎಕರೆ, 2,050 ಮೆಗಾವಾಟ್. ಅಲ್ಲಿ ರೈತರ ಜಮೀನನ್ನ ಕಿತ್ತುಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ತೆಗೆದುಕೊಂಡರು. ಬರದಿಂದ ಬೇಸತ್ತ ರೈತನಿಗೆ ಅದು ಒಳ್ಳೇದೇ, ಕಲ್ಲಿದ್ದಲು ಉರಿಸೋದಕ್ಕಿಂತ ಬಿಸಿಲಿಂದ ಕರೆಂಟ್ ತೆಗೆಯೋದು ಎಷ್ಟೋ ಮೇಲು. ಆದರೆ ಗುತ್ತಿಗೆ ಹಣ ಜಮೀನು ಇದ್ದವನಿಗೆ. ಬೀಳುಬಿಟ್ಟ ಹೊಲದಲ್ಲಿ ಕುರಿ ಮೇಯಿಸ್ತಿದ್ದವನಿಗೆ? ಕೂಲಿಗೆ ಹೋಗ್ತಿದ್ದವಳಿಗೆ? ಅವರ ಲೆಕ್ಕ ಕಾಗದದಲ್ಲಿ ಬರೋಲ್ಲ, ಎಕ್ಕದ ಲೆಕ್ಕ ಬಾರದ ಹಾಗೆಯೇ.

ಇದಕ್ಕಿಂತ ಹಳೇ ಅನಾಹುತ "ಹಸಿರು ಮಾಡ್ತೀವಿ" ಅನ್ನೋದು. ಒಣ ನೆಲ ಕಂಡ ಕೂಡಲೇ ಅಲ್ಲಿ ಏನಾದರೂ ನೆಡಬೇಕು ಅನ್ನೋ ಕೈ ತುರಿಕೆ. ಬಳ್ಳಾರಿ ಜಾಲಿ ನೋಡಿ. ಹೆಸರು ಬಳ್ಳಾರಿ, ಹುಟ್ಟೂರು ಅಮೆರಿಕ ಖಂಡದ ಒಣಸೀಮೆ. ಸೌದೆಗೆ ಆಗುತ್ತೆ, ಮರಳು ತಡೆಯುತ್ತೆ ಅಂತ ಬ್ರಿಟಿಷರ ಕಾಲದಲ್ಲಿ ತಂದರು. ಆಮೇಲೆ ನಮ್ಮ ಸರ್ಕಾರಗಳೂ ನೆಡಿಸಿದವು. ಗುಜರಾತಿನ ಕಛ್ ಕಡೆಯ ಬನ್ನಿ ಹುಲ್ಲುಗಾವಲಿನಲ್ಲಿ 1960ರ ದಶಕದಲ್ಲಿ ನೆಟ್ಟದ್ದು ಇವತ್ತು ಹುಲ್ಲನ್ನೇ ನುಂಗ್ತಿದೆ. ನಮ್ಮ ಕಡೆ ಕೆರೆಯಂಗಳ, ಗೋಮಾಳ ಎಲ್ಲಾ ಅದೇ. ದೂರದಿಂದ ನೋಡಿದರೆ ಹಸಿರು, ಹತ್ತಿರ ಹೋದರೆ ಮುಳ್ಳು. ಎಕ್ಕ ಸಾವಿರಾರು ವರ್ಷದಿಂದ ಆ ನೆಲದಲ್ಲಿದೆ, ಯಾರನ್ನೂ ಒಕ್ಕಲೆಬ್ಬಿಸಿಲ್ಲ.

ಕುಂಡದಲ್ಲಿ ಎಕ್ಕ ಬೆಳೆಸೋ ಪ್ರಶ್ನೆಗೂ ನನ್ನ ಉತ್ತರ ಇಲ್ಲೇ ಇದೆ. ತವರಲ್ಲಿ ಸಾಧುವಾಗಿರೋ ಇದೇ ಎಕ್ಕ, ಉತ್ತರ ಆಸ್ಟ್ರೇಲಿಯಾಕ್ಕೆ, ಬ್ರೆಜಿಲ್ಲಿನ ಒಣಸೀಮೆಗೆ ಹೋಗಿ ಅಲ್ಲಿ ದನಗಾಹಿಗಳ ತಲೆನೋವಾಗಿದೆ. ತಪ್ಪು ಗಿಡದ್ದಲ್ಲ, ಜಾಗದ್ದು. ಲಂಡನ್ನಿನ ಚಳಿಯಲ್ಲಿ ಎಕ್ಕ ಹಬ್ಬೋ ಭಯ ಇಲ್ಲ ನಿಜ. ಆದರೆ ಎಲೆ ಹಿಂದೆ ಕೂತು ಬರೋ ಹುಳ, ರೋಗಗಳಿಗೆ ವೀಸಾ ಕೇಳೋರು ಯಾರು? ಅದಕ್ಕೇ ಹಸಿ ಎಲೆ, ಗಿಡ, ಬೀಜಗಳಿಗೆ ಊರಿನ ಅಧಿಕಾರಿಗಳು ಕೊಡೋ ಆರೋಗ್ಯ ಪ್ರಮಾಣಪತ್ರ ಇರಬೇಕು ಅಂತ ಇಲ್ಲಿ ಕಾನೂನಿದೆ, ವಿನಾಯಿತಿ ಇರೋದು ಕೆಲವಕ್ಕೆ ಮಾತ್ರ. 2014ರಲ್ಲಿ ಹಣ್ಣುನೊಣದ ಕಾರಣಕ್ಕೆ ನಮ್ಮ ಮಾವಿನ ಹಣ್ಣಿಗೇ ಯೂರೋಪ್ ಬಾಗಿಲು ಹಾಕಿತ್ತಲ್ಲ, ನೆನಪಿದೆಯಾ? ಸೂಟ್‌ಕೇಸಿನಲ್ಲಿ ಬಟ್ಟೆ ಮಧ್ಯೆ ಎಲೆ ಬಚ್ಚಿಟ್ಟು ತಂದು ಸೂರ್ಯನಿಗೆ ಪೂಜೆ ಮಾಡೋದರಲ್ಲಿ ನನಗೆ ಪುಣ್ಯ ಕಾಣ್ತಿಲ್ಲ.

"ಸರಿ, ಊರಿನ ಬಂಜರಿನ ಬಗ್ಗೆ ಲಂಡನ್ನಿನಲ್ಲಿ ಕೂತು ಉಪದೇಶ ಯಾಕೆ?" ಅಂತೀರೇನೋ. ಹೇಳೋದಕ್ಕೆ ಕಾರಣ ಈ ಊರೇ.

"ವೇಸ್ಟ್" ಅನ್ನೋ ಮಾತಿಗೆ ಇಂಗ್ಲೆಂಡಿನ ಹಳೇ ಕಾನೂನಿನಲ್ಲಿ ಬೇರೆ ಅರ್ಥ ಇತ್ತು. ಜಹಗೀರಿನ ಒಳಗೆ ಉಳುಮೆ ಮಾಡದೆ ಬಿಟ್ಟ ನೆಲ, ಸುತ್ತಲಿನ ಜನಕ್ಕೆ ದನ ಮೇಯಿಸೋ, ಸೌದೆ ತರೋ ಹಕ್ಕು ಇದ್ದ ನೆಲ. ನಮ್ಮ ಗೋಮಾಳದ ಹಾಗೆ. ಹತ್ತೊಂಬತ್ತನೇ ಶತಮಾನದಲ್ಲಿ ಲಂಡನ್ ಬೆಳೆದಂತೆ ಅದಕ್ಕೆಲ್ಲಾ ಬೇಲಿ ಹಾಕಿ ಸೈಟ್ ಮಾಡೋದಕ್ಕೆ ಹೊರಟರು. (ಎಲ್ಲೋ ಕೇಳಿದ ಹಾಗಿದೆಯಾ?) ಜನ ಸುಮ್ಮನೆ ಕೂರಲಿಲ್ಲ. 1865ರಲ್ಲಿ ಸಂಘ ಕಟ್ಟಿದರು, ಕೋರ್ಟಿಗೆ ಹೋದರು. 1866ರಲ್ಲಿ ಮಹಾನಗರದ ಕಾಮನ್‌ಗಳ ಕಾಯ್ದೆ ಬಂತು. 1871ರಲ್ಲಿ ಹ್ಯಾಂಪ್‌ಸ್ಟೆಡ್ ಹೀತ್, ವಿಂಬಲ್ಡನ್ ಕಾಮನ್, 1878ರಲ್ಲಿ ಎಪ್ಪಿಂಗ್ ಕಾಡು ಉಳಿದವು. ಭಾನುವಾರ ನಾವು ಚಿತ್ರಾನ್ನ ಕಟ್ಟಿಕೊಂಡು ಹೋಗೋ ಈ ಜಾಗಗಳು ಒಂದು ಕಾಲದ "ವೇಸ್ಟ್". ತಮ್ಮ ಮನೆಯಲ್ಲಿ ವೇಸ್ಟನ್ನ ಉಳಿಸಿಕೊಂಡವರೇ ನಮಗೆ ವೇಸ್ಟ್ ಅಂದ್ರೆ ಖಾಲಿ ಅಂತ ಕಲಿಸಿ ಹೋದರು. ನಾವು ಪಾಠದ ಅರ್ಧ ಮಾತ್ರ ಉರುಹೊಡೆದೆವು.

ಇನ್ನೊಂದು. ಎರಡನೇ ಮಹಾಯುದ್ಧದಲ್ಲಿ, 1940ರ ಡಿಸೆಂಬರ್ 29ರ ರಾತ್ರಿ, ಲಂಡನ್ ನಗರದ ನಡುಭಾಗ ಹೊತ್ತಿ ಉರೀತು. ಮಿಲ್ಟನ್ನನ ಸಮಾಧಿ ಇರೋ ಸೇಂಟ್ ಜೈಲ್ಸ್ ಚರ್ಚಿನ ಸುತ್ತಮುತ್ತ ಎಲ್ಲಾ ನೆಲಸಮ. ಕೆಲವೇ ಬೇಸಿಗೆಗಳಲ್ಲಿ ಆ ಪಾಳು ಗೋಡೆಗಳ ನಡುವೆ ಗುಲಾಬಿ-ನೇರಳೆ ಹೂವಿನ ವಿಲ್ಲೋಹರ್ಬ್ ತುಂಬಿಕೊಂಡಿತು. ಅದರ ಬೀಜಕ್ಕೂ ಎಕ್ಕದ ಹಾಗೇ ಬಿಳಿ ಕುಚ್ಚು, ಅದೂ ಗಾಳಿಯಲ್ಲಿ ಬಂದದ್ದೇ. ಮನೆಗಳು ಹಾಳಾದ ಜಾಗದಲ್ಲಿ ಗಿಡ ಹುಟ್ಟಿತು, ಅಕ್ಷರಶಃ ಎಕ್ಕುಟ್ಟಿ ಹೋಗಿತ್ತು ಲಂಡನ್! ಇಲ್ಲಿನವರು ಅದನ್ನ ಶಾಪ ಅನ್ನಲಿಲ್ಲ. 1943ರಲ್ಲಿ ಕ್ಯೂ ತೋಟದ ನಿರ್ದೇಶಕನಾದ ಎಡ್ವರ್ಡ್ ಸಾಲ್ಸ್‌ಬರಿ ಆ ಅವಶೇಷಗಳಲ್ಲಿ ಯಾವ್ಯಾವ ಗಿಡ ಬಂದಿವೆ ಅಂತ ಅಧ್ಯಯನ ಮಾಡಿದ. ಬ್ಲ್ಯಾಕ್ ರೆಡ್‌ಸ್ಟಾರ್ಟ್ ಅನ್ನೋ ಅಪರೂಪದ ಪುಟ್ಟ ಹಕ್ಕಿ ಅಲ್ಲೇ ಗೂಡು ಕಟ್ಟಿತು. ಮುಂದೆ ಕಿಂಗ್ಸ್ ಕ್ರಾಸ್ ಹಿಂದಿನ ಹಳೇ ಕಲ್ಲಿದ್ದಲು ಅಂಗಳ 1985ರಲ್ಲಿ ಕ್ಯಾಮ್ಲಿ ಸ್ಟ್ರೀಟ್ ನಿಸರ್ಗಧಾಮ ಆಯಿತು. ಪಾಳು ಜಾಗದಲ್ಲೂ ಏನೋ ನಡೀತಿರುತ್ತೆ, ಕೈ ಹಾಕೋ ಮುಂಚೆ ಒಮ್ಮೆ ನೋಡು ಅನ್ನೋದನ್ನ ಈ ಊರು ಕಲಿತದ್ದು ಹೀಗೆ.

ಒಂದು ಆಕ್ಷೇಪ ಬರುತ್ತೆ ಅಂತ ಗೊತ್ತು. "ಎಕ್ಕ ಹೆಚ್ಚಾಗಿದೆ ಅಂದ್ರೆ ಆ ನೆಲ ಕೆಟ್ಟಿದೆ ಅಂತಲೇ ಅಲ್ವಾ? ದನ-ಕುರಿ ಅತಿಯಾಗಿ ಮೇಯ್ದಲ್ಲಿ ಮಿಕ್ಕಿದ್ದೆಲ್ಲಾ ಹೋಗಿ ಎಕ್ಕ ಮಾತ್ರ ಉಳಿಯುತ್ತೆ." ಹೌದು, ಅದು ಸತ್ಯ. ಬೈಗುಳ ಕಟ್ಟಿದ ನಮ್ಮ ಹಿರಿಯರು ಸುಮ್ಮಸುಮ್ಮನೆ ಕಟ್ಟಿಲ್ಲ, ಕಣ್ಣಾರೆ ಕಂಡೇ ಕಟ್ಟಿದ್ದಾರೆ. ಆದರೆ ಎಕ್ಕ ಗಾಯ ಅಲ್ಲ, ಗಾಯದ ಮೇಲಿನ ಹಕ್ಕಳೆ. ಹಕ್ಕಳೆ ಕಂಡ ಕಡೆ ಚರ್ಮ ಸತ್ತಿದೆ ಅಂತ ಕತ್ತರಿಸಿ ಹಾಕ್ತೀವಾ? ಒಂದೆರಡು ಮಳೆಗಾಲ ಮೇಯಿಸೋದನ್ನ ಕಡಿಮೆ ಮಾಡಿದರೆ ಹುಲ್ಲು ತಾನಾಗೇ ಎದ್ದು ಬರುತ್ತೆ. ಮಧುಗಿರಿ ತಾಲೂಕಿನ ಮೈದನಹಳ್ಳಿಯಲ್ಲಿ ಜಯಮಂಗಲಿ ಕೃಷ್ಣಮೃಗ ಧಾಮ ಇದೆ, 2007ರಲ್ಲಿ ಮೀಸಲಾದದ್ದು. ಹೋಗಿ ನೋಡಿ. ಹುಲ್ಲು, ಅದರ ನಡುವೆ ನೆಗೆಯೋ ಜಿಂಕೆ. ಅದು ಬಂಜರಾದರೆ ಬಂಜರು ಅನ್ನೋದೇ ಸೊಗಸಾದ ಮಾತು.

ನಮ್ಮಂಥ ಹೊರದೇಶದ ಕನ್ನಡಿಗರಿಗೆ ಇದರಲ್ಲಿ ಏನು ಕೆಲಸ? ಇದೆ. ನಾವು ದುಡ್ಡು ಕಳಿಸ್ತೀವಿ. ಊರಿನ ಹೊರವಲಯದಲ್ಲಿ ಸೈಟ್ ಕೊಳ್ತೀವಿ. ಹುಟ್ಟುಹಬ್ಬಕ್ಕೆ ನೂರು ಸಸಿ ನೆಡೋ ಯೋಜನೆಗೆ ಕಾರ್ಡ್ ಉಜ್ಜಿ "ನಮ್ಮೂರ ಬೋಳುಗುಡ್ಡ ಹಸಿರಾಗಲಿ" ಅಂತ ಫೋಟೋ ಹಾಕ್ತೀವಿ. ಒಳ್ಳೇ ಮನಸ್ಸೇ. ಆದರೆ ಇನ್ನು ಮುಂದೆ ದುಡ್ಡು ಕೊಡೋ ಮುಂಚೆ ಮೂರು ಪ್ರಶ್ನೆ ಕೇಳೋಣ. ಅಲ್ಲಿ ಈಗ ಏನು ಬೆಳೀತಿದೆ? ಅಲ್ಲಿಗೆ ಯಾರ ಕುರಿ ಬರುತ್ತೆ? ನೀವು ನೆಡೋ ಗಿಡದ ತವರು ಯಾವುದು? ಉತ್ತರ "ಅಲ್ಲೇನೂ ಇಲ್ಲ ಸಾರ್, ಬರೀ ಎಕ್ಕದ ಗಿಡ" ಅಂತ ಬಂದರೆ, ದಯವಿಟ್ಟು ಅಲ್ಲೇ ನಿಲ್ಲಿಸಿ.

ರಥಸಪ್ತಮಿಗೆ ಎಕ್ಕದ ಎಲೆ ಏನು ಮಾಡೋದು ಅಂತ ಕೇಳಿದ ಪರಿಚಯದವರಿಗೆ ನಾನು ಹೇಳಿದ್ದು ಇಷ್ಟೇ. ತಲೆಗೊಂದು, ಭುಜಕ್ಕೆರಡು, ಮಂಡಿಗೆರಡು, ಪಾದಕ್ಕೆರಡು ಎಲೆ ಇಡೋ ಪದ್ಧತಿ ಹುಟ್ಟಿದ್ದು ಆ ಎಲೆ ಮನೆ ಹಿಂದೆಯೇ ಸಿಗ್ತಿದ್ದ ಊರಲ್ಲಿ. ಸೂರ್ಯ ಉತ್ತರಕ್ಕೆ ತಿರುಗಿ ಬಿಸಿಲು ಏರೋ ಹೊತ್ತಿಗೆ, ಬಿಸಿಲನ್ನ ತಾಳಿಕೊಳ್ಳೋ ಗಿಡವನ್ನ ಮೈಗೆ ಮುಟ್ಟಿಸಿಕೊಳ್ಳೋದು ಅಂತ ನಾನು ಅರ್ಥ ಮಾಡ್ಕೊಂಡಿದ್ದೀನಿ. ಇಲ್ಲಿ ಎಲೆ ಇಲ್ಲದಿದ್ದರೆ ಚಿಂತೆ ಇಲ್ಲ. ಆ ದಿನ ಮಕ್ಕಳಿಗೆ ಎಕ್ಕದ ಚಿತ್ರ ತೋರಿಸಿ, ಉಪಮನ್ಯು ಕತೆ ಹೇಳಿ, ಕೇಸರಿ ಚಿಟ್ಟೆಯ ಉಪಾಯ ಹೇಳಿ. ರಜೆಗೆ ಊರಿಗೆ ಹೋದಾಗ ಬಯಲಿಗೆ ಕರ್ಕೊಂಡು ಹೋಗಿ ಗಿಡವನ್ನೇ ತೋರಿಸಿ, ಹಾಲು ಮುಟ್ಟದ ಹಾಗೆ. "ಇದು ಪಾಳು ಜಾಗ" ಅಂತ ಮಾತ್ರ ಹೇಳಿಕೊಡಬೇಡಿ.

ಅವರು ದೊಡ್ಡವರಾಗಿ ಊರಿಗೆ ಹೋದಾಗ ಏಳು ಎಲೆಗೆ ಒಂದು ಗಿಡವಾದರೂ ನಿಂತಿರಬೇಕಲ್ವಾ? ನಿಮ್ಮೂರಿನ ಗೋಮಾಳದಲ್ಲಿ, ಕಾವಲಿನಲ್ಲಿ ಈಗ ಏನಿದೆ? ಗೊತ್ತಿದ್ದರೆ ಬರೆದು ತಿಳಿಸಿ. ಗೊತ್ತಿಲ್ಲದಿದ್ದರೆ ಈ ಭಾನುವಾರ ಊರಿಗೆ ಫೋನ್ ಮಾಡಿದಾಗ ಒಂದು ಮಾತು ಕೇಳಿ.